ಗೇಟಿನ ಮುಂದೆ ಇಟ್ಟ ಡಬ್ಬಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ, ಎಳ್ಳಮಾವಾಸ್ಯೆ ಮುಗಿದ ವಾರ, ಆರು ಕುನ್ನಿಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಕಲಬುರಗಿ ಹೊರಗಿನ ಒಂದು ನಾಯಿ ಶೆಲ್ಟರ್‌ನ ಗೇಟಿನ ಮುಂದೆ ಇಟ್ಟು ಬಂದವಳು ನಾನು. ವಾಪಸ್ ಬರುವಾಗ ಆಟೋದಲ್ಲಿ ಕೂತು, ಇವತ್ತು ಒಂದು ಪುಣ್ಯದ ಕೆಲಸ ಆಯ್ತು ಅಂದುಕೊಂಡಿದ್ದೆ. "ಅಲ್ಲಿ ನಾಯಿ ಕೊಲ್ಲಲ್ಲ" ಅಂತ ಯಾರೋ ಹೇಳಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ನಾನು ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಹೊಸ ತೊಗರಿ ಬರುವ ದಿನಗಳಲ್ಲಿ ನಮಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಆ ಗದ್ದಲದಲ್ಲೇ ಒಂದು ಕಂದು ನಾಯಿ ಖಾಲಿ ಗೋಣಿಚೀಲಗಳ ರಾಶಿ ಹಿಂದೆ ಈದಿತ್ತು. ಹಮಾಲರು ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅದಕ್ಕೂ ಒಂದು ಚೂರು ಹಾಕುತ್ತಿದ್ದರು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಒಂದು ದಿನ ಲಾರಿ ಡ್ರೈವರ್ ಒಬ್ಬ ಮರಿಗಳ ಹತ್ತಿರ ಹೋದ, ಅದು ಗುರ್ ಅಂತು. ಮರಿ ಹಾಕಿದ ನಾಯಿ ಮತ್ತೇನು ಮಾಡುತ್ತೆ? ಸಾವಕಾರರು ನನ್ನನ್ನು ಕರೆದು, "ಇವನ್ನ ಎಲ್ಲರ ಬಿಟ್ಟು ಬರ್ರಿ" ಅಂದರು.

ಶೆಲ್ಟರ್‌ನಲ್ಲಿ ಒಬ್ಬ ಹುಡುಗ ಗೇಟಿಗೆ ಬಂದ. ಕೈಯಲ್ಲಿ ಅನ್ನದ ಬಕೆಟ್ ಇತ್ತು.

"ಜಾಗ ಇಲ್ಲ ಅಕ್ಕಾ. ತಾಯಿ ಎಲ್ಲದ?"

"ಮಿಲ್ಲಿನಾಗ ಅದ."

"ಮತ್ತ ಕುನ್ನಿ ಅಷ್ಟೇ ತಂದ್ರಿ? ಕಣ್ಣು ಬಿಟ್ಟು ಹದಿನೈದು ದಿನ ಆಗಿಲ್ಲ ಇನ್ನಾ."

"ನಿಮ್ದು ಇದೇ ಕೆಲಸ ಅಲ್ಲೇನಪ್ಪಾ?" ಅಂದೆ. ಡಬ್ಬಿ ಕೆಳಗಿಟ್ಟು ಆಟೋ ಹತ್ತಿದೆ.

ಆ ಮಾತು ನೆನೆಸಿಕೊಂಡರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಹತ್ತು ದಿನ ಬಿಟ್ಟು ಫೋನ್ ಮಾಡಿದೆ. ಆರರಲ್ಲಿ ನಾಲ್ಕು ಸತ್ತಿದ್ದವು. ಪಾರ್ವೊ. ಆಗ ಆ ಹೆಸರೇ ನನಗೆ ಗೊತ್ತಿರಲಿಲ್ಲ. ವಾಂತಿ, ರಕ್ತ ಬೆರೆತ ಭೇದಿ. ಎರಡು ಮೂರು ದಿನದಲ್ಲಿ ಮರಿ ಒಣಗಿ ಹೋಗುತ್ತದೆ. ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹತ್ತಾರು ನಾಯಿ ಬಂದು ಹೋಗುವ ಜಾಗದಲ್ಲಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಲಸಿಕೆ ಶುರುವಾಗುವುದೇ ಆರರಿಂದ ಎಂಟು ವಾರಕ್ಕೆ. ಅಲ್ಲಿವರೆಗೆ ಮರಿಗೆ ಇರುವ ರಕ್ಷಣೆ ಅಂದರೆ ತಾಯಿಯಿಂದ ಬಂದ ಶಕ್ತಿ ಅಷ್ಟೇ. ನಾನು ಅವನ್ನು ಹಾಲು ಕುಡಿಯುವಾಗಲೇ ಬಿಡಿಸಿ, ಸೋಂಕು ಜಾಸ್ತಿ ಇರುವ ಜಾಗಕ್ಕೇ ಒಯ್ದು ಇಟ್ಟಿದ್ದೆ. ಇತ್ತ ಮಿಲ್ಲಿನಲ್ಲಿ ತಾಯಿ ಮೊಲೆ ಬಾತುಕೊಂಡು ಮೂರು ದಿನ ಗೋಣಿಚೀಲ ಮೂಸುತ್ತಾ ತಿರುಗಿತ್ತು.

ಆ ಮೇಲೆ ಭಾನುವಾರ ಭಾನುವಾರ ಅಲ್ಲಿಗೆ ಹೋಗತೊಡಗಿದೆ. ಪಾಪಪ್ರಜ್ಞೆ ಅಂತಲೇ ಇಟ್ಟುಕೊಳ್ಳಿ. ಮೊದಲೆರಡು ತಿಂಗಳು ಪಾತ್ರೆ ತೊಳೆದೆ, ಆಮೇಲೆ ರಿಜಿಸ್ಟರ್ ನನ್ನ ಕೈಗೆ ಬಂತು. ಲೆಕ್ಕದವಳಲ್ವಾ, ಎಲ್ಲಿ ಹೋದರೂ ಪುಸ್ತಕ ತಪ್ಪುವುದಿಲ್ಲ.

ನಾನು ಕೇಳಿದ್ದ "ಅಲ್ಲಿ ನಾಯಿ ಕೊಲ್ಲಲ್ಲ" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ 'ನೋ-ಕಿಲ್' ಅನ್ನುತ್ತಾರೆ. ಈ ಮಾತು ಅಮೆರಿಕದಿಂದ ಬಂದದ್ದು. ಅಲ್ಲಿ ಶೆಲ್ಟರ್ ತುಂಬಿದರೆ ಚೆನ್ನಾಗಿರುವ ನಾಯಿ ಬೆಕ್ಕಿಗೂ ಇಂಜೆಕ್ಷನ್ ಕೊಟ್ಟು ಮಲಗಿಸುವ ರೂಢಿ ಇತ್ತು, ಎಷ್ಟೋ ಕಡೆ ಈಗಲೂ ಇದೆ. ಹಾಗೆ ಮಾಡುವುದಿಲ್ಲ ಅನ್ನುವ ಶೆಲ್ಟರ್‌ಗಳು ತಮ್ಮನ್ನು ನೋ-ಕಿಲ್ ಅಂತ ಕರೆದುಕೊಂಡವು. ಬಂದ ನೂರರಲ್ಲಿ ತೊಂಬತ್ತಾದರೂ ಜೀವಂತ ಹೊರಗೆ ಹೋದರೆ ಆ ಹೆಸರು ಸಲ್ಲುತ್ತದೆ ಅನ್ನುವುದು ಅಲ್ಲಿನ ಲೆಕ್ಕ. ನಮ್ಮಲ್ಲಿ ವಿಷಯ ಬೇರೆ. 2001ರ ನಾಯಿ ಸಂತಾನ ನಿಯಂತ್ರಣ ನಿಯಮ ಬಂದ ಮೇಲೆ ಬೀದಿನಾಯಿಯನ್ನು ಸುಮ್ಮನೆ ಕೊಲ್ಲುವ ಹಾಗೇ ಇಲ್ಲ. 2023ರಲ್ಲಿ ಆ ನಿಯಮ ಹೊಸದಾಗಿ ಬಂತು, ಮೂಲ ಮಾತು ಹಾಗೇ ಉಳಿಯಿತು. ಹಿಡಿಯಬೇಕು, ಮರಿ ಆಗದ ಹಾಗೆ ಆಪರೇಷನ್ ಮಾಡಬೇಕು, ಹುಚ್ಚುನಾಯಿ ರೋಗದ ಲಸಿಕೆ ಹಾಕಬೇಕು, ಗುರುತಿಗೆ ಕಿವಿಯಂಚು ಕತ್ತರಿಸಿ ಅದೇ ಓಣಿಗೆ ಬಿಡಬೇಕು. ವಾಸಿಯಾಗದ ರೋಗ, ಬದುಕುಳಿಯದಂಥ ಗಾಯ ಇದ್ದರೆ ಮಾತ್ರ ಡಾಕ್ಟರು ನೋವಿಲ್ಲದೆ ಕಳಿಸಿಕೊಡಬಹುದು.

"ಸುಮ್ನೆ ಎಲ್ಲಾ ಹೊಡೆದು ಹಾಕಿದ್ರ ಮುಗೀತು" ಅನ್ನುವವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಅವರಿಗೆ ಮದ್ರಾಸಿನ ಕಥೆ ಹೇಳುತ್ತೇನೆ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಾರ್ಪೊರೇಷನ್ನೇ ನಾಯಿ ಹಿಡಿದು ಕೊಲ್ಲುತ್ತಿತ್ತು. ನಾಯಿ ಮುಗಿದವಾ? ಇಲ್ಲ. ಸತ್ತ ನಾಯಿಯ ಜಾಗಕ್ಕೆ ಪಕ್ಕದ ಓಣಿಯದು ಬಂತು, ಅದೂ ಮರಿ ಹಾಕಿತು. 1996ರಲ್ಲಿ ಅವರೂ ಕೊಲ್ಲುವುದು ಬಿಟ್ಟು ಆಪರೇಷನ್ ದಾರಿಗೆ ಬಂದರು.

ಹಾಗಾದರೆ ನಮ್ಮ ಶೆಲ್ಟರ್‌ನಲ್ಲಿ ನಾಯಿ ಕೊಲ್ಲುವುದಿಲ್ಲ ಅಂದರೆ ಅರ್ಥ ಏನು? ರಿಜಿಸ್ಟರ್ ಬರೆಯುತ್ತಾ ನನಗೆ ತಿಳಿದದ್ದು ಇಷ್ಟು. ಒಂದು ಜಾಗ ತುಂಬಿದರೆ, ಯಾರಾದರೂ ಬಂದು ಆ ನಾಯಿಯನ್ನು ಮನೆಗೆ ಒಯ್ಯುವ ತನಕ ಅದು ತುಂಬಿಯೇ ಇರುತ್ತದೆ. ಅರವತ್ತು ನಾಯಿಗೆ ಕಟ್ಟಿದ ಜಾಗದಲ್ಲಿ ಎಂಬತ್ತೆಂಟು ಇದ್ದ ತಿಂಗಳು ನೋಡಿದ್ದೇನೆ. ಆ ತಿಂಗಳು ಹದಿಮೂರು ಹೊಸದಾಗಿ ಬಂದವು, ಮನೆ ಸಿಕ್ಕಿದ್ದು ಮೂರಕ್ಕೆ. ಅಪಘಾತವಾಗಿ ಬಂದ ನಾಯಿಯನ್ನು ಆಫೀಸಿನ ಟೇಬಲ್ಲಿನ ಕೆಳಗೆ ಮಲಗಿಸಿದ್ದರು. ಮಿಲ್ಲಿನ ಗೋದಾಮು ತುಂಬಿದರೆ ಸಾವಕಾರರು ಲಾರಿ ತರಿಸಿ ಮಾಲು ಸಾಗಿಸುತ್ತಾರೆ. ಇಲ್ಲಿ ಲಾರಿ ಬರುವುದಿಲ್ಲ. ಡಬ್ಬಿ ಮಾತ್ರ ಬರುತ್ತವೆ.

ಅದಕ್ಕೇ ಆ ಶೆಲ್ಟರ್‌ನ ಹೆಸರು ಇಲ್ಲಿ ಬರೆದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಗೇಟಿನ ಮುಂದೆ ಇನ್ನೂ ನಾಲ್ಕು ಡಬ್ಬಿ ಇರುತ್ತವೆ.

ಈಗ ಕೋರ್ಟಿನ ಮಾತು. 2025ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟು, ಆಪರೇಷನ್ ಮತ್ತು ಲಸಿಕೆ ಆದ ನಾಯಿಗಳನ್ನು ಅವುಗಳ ಜಾಗಕ್ಕೇ ಬಿಡಿ, ರೇಬೀಸ್ ಇರುವವನ್ನು ಮತ್ತು ಮೈಮೇಲೆ ಬೀಳುವವನ್ನು ಬಿಡಬೇಡಿ ಅಂತು. ದತ್ತು ತಗೊಂಡವರು ಮತ್ತೆ ಬೀದಿಗೆ ಬಿಡಬಾರದು ಅಂತಲೂ ಹೇಳಿತು. ಅದೇ ವರ್ಷ ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಇಂಥ ಕಡೆಯ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಕಳಿಸಿ, ಅದೇ ಜಾಗಕ್ಕೆ ವಾಪಸ್ ಬಿಡಬೇಡಿ ಅಂತ. ಈ ಭಯ ನನಗೆ ಅರ್ಥವಾಗುತ್ತದೆ. ನನ್ನ ತಂಗಿಯ ಮಗನಿಗೇ ಶಾಲೆಯ ಹತ್ತಿರ ನಾಯಿ ಕಚ್ಚಿತ್ತು. ನಲ್ಲಿಯ ಕೆಳಗೆ ಕಾಲು ಹಿಡಿದು ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು ದವಾಖಾನೆಗೆ ಓಡಿದ್ದೆವು. ಒಂದು ಡೋಸೂ ತಪ್ಪಿಸಲಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನಬೇಕು. ಮಗು ಕಚ್ಚಿಸಿಕೊಂಡ ಮನೆಯವರಿಗೆ ನಾಯಿ ಪ್ರೀತಿಯ ಪಾಠ ಹೇಳುವವಳು ನಾನಲ್ಲ.

ನನ್ನ ಪ್ರಶ್ನೆ ಒಂದೇ. ಶೆಲ್ಟರ್‌ಗೆ ಹಾಕಿ ಅಂತೀವಿ. ಯಾವ ಶೆಲ್ಟರ್‌ಗೆ? 2019ರ ಜಾನುವಾರು ಗಣತಿಯಲ್ಲಿ ಸಿಕ್ಕ ಬೀದಿನಾಯಿಗಳೇ ದೇಶದಲ್ಲಿ ಒಂದೂವರೆ ಕೋಟಿ ಮೇಲೆ. ಒಳಗೆ ಹೋಗುವ ಬಾಗಿಲ ಬಗ್ಗೆ ಕೋರ್ಟಿನಿಂದ ಹಿಡಿದು ಚಹಾ ಅಂಗಡಿ ತನಕ ಎಲ್ಲರೂ ಮಾತಾಡುತ್ತಾರೆ. ಹೊರಗೆ ಬರುವ ಬಾಗಿಲು ನಮ್ಮ ನಮ್ಮ ಮನೆಯಲ್ಲಿದೆ. ಅಲ್ಲಿಗೆ ಬಂದಾಗ ಎಲ್ಲರೂ "ನಮ್ಮನ್ಯಾಗ ಜಾಗ ಸಣ್ಣದು" ಅನ್ನುತ್ತಾರೆ. ನಾನೂ ಅಂದವಳೇ.

ಒಂದು ವರ್ಷ ಅಂದೆ. ಮುಂದಿನ ಎಳ್ಳಮಾವಾಸ್ಯೆಯ ಮರುದಿನ ಕರೆತಂದೆ. ಕಪ್ಪು ಹೆಣ್ಣು ನಾಯಿ, ಸುಮಾರು ನಾಲ್ಕು ವರ್ಷದ್ದು, ಒಂದು ಕಿವಿ ಅರ್ಧ ಇಲ್ಲ. ರಿಜಿಸ್ಟರಿನಲ್ಲಿ ಅದರ ಸಾಲು ಹದಿನಾಲ್ಕು ತಿಂಗಳು ಹಾಗೇ ಇತ್ತು. ನೋಡಲು ಬಂದವರೆಲ್ಲ ಮರಿ ಕೇಳುತ್ತಾರೆ, ಅದರಲ್ಲೂ ಬಿಳಿ ಮರಿ, ಅದರಲ್ಲೂ ಗಂಡು. ಕಪ್ಪು, ಹೆಣ್ಣು, ವಯಸ್ಸಾದದ್ದು ಅಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. (ನಾವು ಸೊಸೆ ಹುಡುಕುವ ರೀತಿ ನೆನಪಾದರೆ ನಾನು ಹೊಣೆಯಲ್ಲ.)

ಅತ್ತೆ ಬಾಗಿಲಲ್ಲೇ ನಿಂತರು.

"ಏನವ್ವಾ, ಕರಿದೇ ಸಿಕ್ತೇನು ನಿನಗ? ಕೆಂಪಂದು, ಬಿಳೇದು ಇರ್ಲಿಲ್ಲೇನು?"

"ಇದ್ವು ಅತ್ತಿ. ಅವನ್ನ ಯಾರರ ಒಯ್ತಾರ."

ಅವರು ಪ್ರತಿ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವವರು. ನಮ್ಮ ದೇವರ ಕೋಣೆಯ ದತ್ತಾತ್ರೇಯರ ಫೋಟೋದಲ್ಲಿ ಕಾಲ ಬಳಿ ನಾಲ್ಕು ನಾಯಿ ಇವೆ, ಅತ್ತೆ ದಿನಾ ಅವಕ್ಕೂ ಸೇರಿಸಿಯೇ ಹೂ ಏರಿಸುತ್ತಾರೆ. ಆ ಫೋಟೋ ತೋರಿಸಿ ವಾದ ಮಾಡೋಣ ಅಂತ ಬಾಯಿ ತುದಿಗೆ ಬಂದಿತ್ತು. ಸುಮ್ಮನಿದ್ದೆ. ಒಳ್ಳೆಯದಾಯ್ತು. ವಾದದಲ್ಲಿ ಗೆದ್ದಿದ್ದರೆ ನಾಯಿ ಅಂಗಳದಲ್ಲೇ ಉಳಿಯುತ್ತಿತ್ತು.

ಎಳ್ಳು ಅಂತ ಹೆಸರಿಟ್ಟೆವು. ಮೊದಲ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ರೊಟ್ಟಿ ಮಜ್ಜಿಗೆ ತಿಂದು ಮತ್ತೆ ಒಳಗೆ. ಪೊರಕೆ ಎತ್ತಿದರೆ ಉಚ್ಚೆ ಹೊಯ್ಯುತ್ತಿತ್ತು. ಎಲ್ಲಿ ಏನು ಪೆಟ್ಟು ತಿಂದಿತ್ತೋ. ಅತ್ತೆ ಅದನ್ನು ಎರಡು ಸಲ ನೋಡಿದರು. ಆಮೇಲೆ ಅದು ಹೊರಗೆ ಹೋದಾಗ ಮಾತ್ರ ಕಸ ಗುಡಿಸತೊಡಗಿದರು. ನನಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಮಾರು ಒಂದು ತಿಂಗಳಿಗೆ ಬಾಲ ಅಲ್ಲಾಡಿಸಿತು, ಅದೂ ಅವರಿಗೆ. ನನಗಲ್ಲ.

ದೊಡ್ಡ ನಾಯಿ ತರುವುದರಲ್ಲಿ ಲಾಭವೇ ಜಾಸ್ತಿ ಅನ್ನುತ್ತೇನೆ ಈಗ. ಆಪರೇಷನ್, ಲಸಿಕೆ ಎಲ್ಲ ಆಗಿರುತ್ತದೆ. ಸ್ವಭಾವ ಹೇಗೆ, ಮಕ್ಕಳ ಜೊತೆ ಇರುತ್ತದಾ, ಬೆಕ್ಕು ಕಂಡರೆ ಹಾರುತ್ತದಾ, ಶೆಲ್ಟರ್‌ನವರು ಮೊದಲೇ ಹೇಳುತ್ತಾರೆ. ಮರಿಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ಮನೆಯೊಳಗೆ ಗಲೀಜು ಮಾಡಬಾರದು ಅಂತ ಎಳ್ಳು ಕಲಿತದ್ದು ಒಂದೇ ವಾರದಲ್ಲಿ. ಇನ್ನು ನಮ್ಮ ಬಿಸಿಲು. ಏಪ್ರಿಲ್ ಮೇನಲ್ಲಿ ನಲವತ್ನಾಲ್ಕು ಡಿಗ್ರಿ ಮುಟ್ಟುವ ಊರಿನಲ್ಲಿ ಹಿಮದ ನಾಡಿನ ಹಸ್ಕಿ ಸಾಕುತ್ತಾರೆ. ಕೂಲರ್ ಮುಂದೆ ಕಟ್ಟುತ್ತಾರೆ. ಎರಡನೇ ಬೇಸಿಗೆಗೆ ಕರೆಂಟ್ ಬಿಲ್ ನೋಡಿ ಶೆಲ್ಟರ್‌ಗೆ ಫೋನ್ ಮಾಡುತ್ತಾರೆ. ಇಪ್ಪತ್ತೈದು ಸಾವಿರ ಕೊಟ್ಟು ತಂದದ್ದು ಅಂತ ಬೇರೆ ಹೇಳುತ್ತಾರೆ, ನಾವು ಅದಕ್ಕೆ ರಸೀದಿ ಕೊಡಬೇಕೇನೋ ಅನ್ನುವ ಹಾಗೆ. ಎಳ್ಳು ಮಧ್ಯಾಹ್ನ ನೀರಿನ ಹರವಿ ಪಕ್ಕ ಮಣ್ಣು ಕೆರೆದು ಮಲಗಿದರೆ ಸಂಜೆ ಐದಕ್ಕೇ ಏಳುವುದು.

ಖರ್ಚು ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಊಟದ್ದು ದೊಡ್ಡದಲ್ಲ. ರೊಟ್ಟಿ, ಅನ್ನ, ಮೊಟ್ಟೆ, ವಾರಕ್ಕೆರಡು ಸಲ ಕೋಳಿ. ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕಿದ್ದು ಕೊಡಬಾರದು, ಎರಡೂ ನಾಯಿಯ ರಕ್ತ ಕೆಡಿಸುತ್ತವೆ. ಅಂದರೆ ನಮ್ಮ ಉಳಿದ ಸಾರು ಅದರ ತಟ್ಟೆಗಲ್ಲ. ನಮಗೆ ಹೊಡೆತ ಬಿದ್ದದ್ದು ರಕ್ತ ಹೀರುವ ಉಣ್ಣೆ ಹುಳದಿಂದ. ಕಳೆದ ಮಳೆಗಾಲದಲ್ಲಿ ಉಣ್ಣೆ ಕಡಿದು ಜ್ವರ ಬಂತು. ಊಟ ಬಿಟ್ಟಿತು, ಒಸಡು ಬೆಳ್ಳಗಾಯ್ತು. ರಕ್ತ ಪರೀಕ್ಷೆ, ಇಪ್ಪತ್ತೆಂಟು ದಿನ ಮಾತ್ರೆ. ಆ ತಿಂಗಳು ನನ್ನ ಸೀರೆ ದುಡ್ಡು ಅದಕ್ಕೇ ಹೋಯ್ತು. ಒಂದು ಮಾತು, ದಯವಿಟ್ಟು ನಮ್ಮ ಜ್ವರದ ಪ್ಯಾರಾಸಿಟಮಾಲ್ ಕೊಡಬೇಡಿ. ನಾಯಿಗೂ ಅಪಾಯ, ಬೆಕ್ಕಿಗಂತೂ ಒಂದೇ ಮಾತ್ರೆ ಜೀವ ತೆಗೆಯಬಹುದು. ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ ಇರುವುದೇ ಪಕ್ಕದ ಬೀದರ್‌ನಲ್ಲಿ. ಊರೂರಿಗೆ ದನದ ದವಾಖಾನೆ ಇದೆ. ಅಲ್ಲಿ ನಾಯಿಯನ್ನೂ ನೋಡುತ್ತಾರೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಎಲ್ಲರೂ ನಾಯಿ ಸಾಕಿ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ಮನೆ ಇರುತ್ತದೆ, ಮನೆಯಲ್ಲಿ ಹಾಸಿಗೆ ಹಿಡಿದವರು ಇರುತ್ತಾರೆ. ನಮ್ಮ ಶೆಲ್ಟರ್‌ಗೆ ದಿನಾ ಕೋಳಿ ಕತ್ತು ಕಾಲು ಪುಕ್ಕಟೆ ಕೊಡುವ ಚಿಕನ್ ಅಂಗಡಿಯ ಭಾಯಿ ಒಬ್ಬರಿದ್ದಾರೆ. "ನಾ ನಾಯಿ ಮುಟ್ಟಂಗಿಲ್ರಿ, ಖರೆ ಹಸ್ಕೊಂಡಿದ್ದು ನೋಡ್ಲಿಕ್ಕ ಆಗಲ್ಲ" ಅನ್ನುತ್ತಾರೆ. ಗಾಡಿ ತಡವಾದರೆ ಅವರೇ ಫೋನ್ ಮಾಡುತ್ತಾರೆ. ಎಂಬತ್ತು ನಾಯಿಗೆ ದಿನಕ್ಕೆ ಇಪ್ಪತ್ತು ಕೆಜಿ ಅಕ್ಕಿ ಬೇಯುತ್ತದೆ. ಹುಟ್ಟುಹಬ್ಬದ ದಿನ ಕೇಕು, ಬಿಸ್ಕತ್ತು ತಂದು ಫೋಟೋ ತೆಗೆಸಿಕೊಳ್ಳುವವರು ಬರುತ್ತಾರೆ. ಬರಲಿ, ಬೇಡ ಅನ್ನಲ್ಲ. ಆದರೆ ಮಂಗಳವಾರ ಅಕ್ಕಿ ಖಾಲಿಯಾಗಿರುತ್ತದೆ, ಅವತ್ತು ಯಾರದೂ ಹುಟ್ಟುಹಬ್ಬ ಇರುವುದಿಲ್ಲ. ತಿಂಗಳಿಗೆ ಇನ್ನೂರು ರೂಪಾಯಿ ತಪ್ಪದೆ ಬಂದರೆ, ಒಮ್ಮೆ ಬರುವ ಐದು ಸಾವಿರಕ್ಕಿಂತ ಅದರ ಮೇಲೆ ಲೆಕ್ಕ ಹಾಕುವುದು ಸುಲಭ. ಇದು ಲೆಕ್ಕದವಳ ಮಾತು, ನಂಬಿ. ಇಲ್ಲವೇ ಲಸಿಕೆ ಆಗುವ ತನಕ ಎರಡು ಮರಿಗಳನ್ನು ಆರು ವಾರ ಮನೆಯಲ್ಲಿ ಇಟ್ಟುಕೊಳ್ಳಿ. ನನ್ನ ನಾಲ್ಕು ಕುನ್ನಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೂ ಸರಿಯಾಗಿ ಹೇಳಬೇಕಂದರೆ, ಮಿಲ್ಲಿನಲ್ಲಿ ಇನ್ನೊಂದು ತಿಂಗಳು ತಾಯಿಯ ಜೊತೆ ಇರಲು ಬಿಟ್ಟಿದ್ದರೂ ಸಾಕಿತ್ತು. ನಾನು ಸಾವಕಾರರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಆ ತಾಯಿನಾಯಿ ಈಗಲೂ ಮಿಲ್ಲಿನಲ್ಲೇ ಇದೆ. ಶೆಲ್ಟರ್‌ನ ಡಾಕ್ಟರೇ ಆಪರೇಷನ್ ಮಾಡಿದರು. ಕಿವಿಯಂಚು ಕತ್ತರಿಸಿ ಅದೇ ಗೋಣಿಚೀಲದ ಹತ್ತಿರ ಬಿಟ್ಟೆವು. ಸಾವಕಾರರು ಏನಾದರೂ ಅಂತಾರೆ ಅಂದುಕೊಂಡಿದ್ದೆ. "ಮತ್ತ ಈಯಂಗಿಲ್ಲ ಅಲ್ಲ? ಇರ್ಲಿ ಬಿಡ್ರಿ" ಅಂದರು. ಅದು ಹಮಾಲರ ಹಿಂದೆ ಹಿಂದೆ ಓಡಾಡುತ್ತದೆ. ನನ್ನನ್ನು ಕಂಡರೆ ಮಾತ್ರ ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ.

ಉಳಿದ ಎರಡು ಕುನ್ನಿಗಳಲ್ಲಿ ಒಂದು ಆಳಂದ ಕಡೆಯ ಒಂದು ಹೊಲದ ಮನೆಗೆ ಹೋಯ್ತು. ಇನ್ನೊಂದು ಈಗ ಎರಡು ವರ್ಷದ ಗಂಡು, ಕಂದು ಬಣ್ಣ, ತಾಯಿಯದೇ ಮುಖ. ಪಾರ್ವೊದಿಂದ ಉಳಿದದ್ದು. ಸ್ವಲ್ಪ ಗಿಡ್ಡ, ಹೊಟ್ಟೆ ಬಾಕ. ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಮಕ್ಕಳ ಜೊತೆ ಚೆನ್ನಾಗಿರುತ್ತದೆ, ಬೆಕ್ಕಿನ ಜೊತೆ ಇರುವುದಿಲ್ಲ. ಅಂಗಳ ಇರುವ ಮನೆಯಾದರೆ ಒಳ್ಳೆಯದು. ಇನ್‌ಬಾಕ್ಸ್‌ಗೆ ಬರೆಯಿರಿ, ಭಾನುವಾರ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಬರುವಾಗ ಡಬ್ಬಿ ತರಬೇಡಿ.