ಅಸಲಿನ ಮಾತು ಯಾಕೆ ಯಾರೂ ಎತ್ತೋದಿಲ್ಲ?

ಈಗಷ್ಟೇ ಟೀವಿಯಲ್ಲಿ ಚರ್ಚೆ ಮುಗಿಯಿತು. ಯುದ್ಧಕಾಲದ ಬೆಲೆ ಏರಿಕೆ ತಡೆಯೋದು ಹೇಗೆ ಅಂತ ಒಂದು ಗಂಟೆ ಮಾತು. ಬಡ್ಡಿ, ತೆರಿಗೆ, ರೇಷನ್ ಎಲ್ಲ ಬಂತು. ಸರಕಿನ ಅಸಲು, ಅಂದರೆ ಅದನ್ನು ತಯಾರಿಸೋಕೆ ಬೀಳುವ ಖರ್ಚು ಎಷ್ಟು, ಅದನ್ನು ಇಳಿಸಬಹುದಾ ಅಂತ ಒಬ್ಬರೂ ಕೇಳಲಿಲ್ಲ. ಸಿಟ್ಟು ಬಂತು, ಬರೀತಿದ್ದೀನಿ.

ಎರಡನೇ ಮಹಾಯುದ್ಧದ ಬ್ರಿಟನ್ ನೋಡಿ. 1941ರ ಜೂನ್ 1ರಂದು ಬಟ್ಟೆಗೆ ರೇಷನ್ ಬಂತು, ತಲೆಗೆ 66 ಕೂಪನ್. ಅಗ್ಗದ ಕೋಟು ಕೊಂಡರೂ ದುಬಾರಿ ಕೋಟು ಕೊಂಡರೂ ಕೂಪನ್ ಅಷ್ಟೇ. ಹಾಗಾಗಿ ಇದ್ದವರು ಬಾಳಿಕೆಯ ದುಬಾರಿ ಮಾಲನ್ನೇ ಕೊಂಡರು, ತಯಾರಕರು ಅದನ್ನೇ ಹೊಲಿದರು. ಬಡವರಿಗೆ ಕೂಪನ್ ಉಳಿಯಿತು, ಅಂಗಿ ಸಿಗಲಿಲ್ಲ. ಲಾಭಕ್ಕೆ ಮಿತಿ ಹಾಕಿದರೂ ಅಸಲು ಏರಿದಂತೆ ಬೆಲೆ ಏರುತ್ತಲೇ ಇತ್ತು.

ಆಗ ಬಂದದ್ದು 'ಯುಟಿಲಿಟಿ' ಬಟ್ಟೆ, ಅಂದರೆ ಸರ್ಕಾರ ಗೊತ್ತು ಮಾಡಿದ ನಮೂನೆಯ ಸಾದಾ ಬಟ್ಟೆ; 'ಸಿಸಿ41' ಅದರ ಗುರುತಿನ ಮುದ್ರೆ. ಸರ್ಕಾರ ಅಂಗಡಿಯಿಂದಲ್ಲ, ಮಗ್ಗದಿಂದ ಶುರು ಮಾಡಿತು. ಬಟ್ಟೆಯ ಬಗೆಗಳನ್ನು ಕಡಿಮೆ ಮಾಡಿ ತೂಕ, ಅಗಲ, ಇಂಚಿಗೆ ಎಷ್ಟು ಎಳೆ ಅಂತ ಗೊತ್ತು ಮಾಡಿತು. ಇದರಲ್ಲೇನು ಉಳಿತಾಯ ಅಂತೀರಾ? ಬಟ್ಟೆಯ ನಮೂನೆ ಬದಲಾದಾಗಲೆಲ್ಲ ನೂಲು ಸುತ್ತಿದ ಉರುಳೆ (ಬೀಮ್) ಇಳಿಸಿ, ಹಾಸಿನ, ಅಂದರೆ ಉದ್ದಕ್ಕೆ ಓಡುವ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಫಣಿಯ (ಬಾಚಣಿಗೆಯಂಥ ಚೌಕಟ್ಟಿನ) ಹಲ್ಲುಗಳೊಳಗೆ ಪೋಣಿಸಬೇಕು. ಅಷ್ಟು ಹೊತ್ತೂ ಮಗ್ಗ ಸುಮ್ಮನೆ ನಿಂತಿರುತ್ತೆ, ಕೂಲಿ ಬಾಡಿಗೆ ನಿಲ್ಲೋದಿಲ್ಲ. ಒಂದೇ ನಮೂನೆ ತಿಂಗಳುಗಟ್ಟಲೆ ಓಡಿದರೆ ಆ ಖರ್ಚು ಸಾವಿರಾರು ಗಜದ ಮೇಲೆ ಹಂಚಿಹೋಗುತ್ತೆ. ಕತ್ತರಿಸುವ ಮೇಜಿನ ಮೇಲೂ ಅಷ್ಟೇ: ಕತ್ತರಿಸೋಕೆ ಎಳೆಯುವ ಗೆರೆ (ಮಾರ್ಕಿಂಗ್) ಒಂದೇ, ಹೆಚ್ಚು ಪದರ, ಕಡಿಮೆ ಚಿಂದಿ.

1942ರಲ್ಲಿ ಹೊಲಿಗೆಗೂ ನಿಯಮ ಬಂತು. ಗಂಡಸರ ಡಬಲ್ ಬ್ರೆಸ್ಟ್ (ಎದೆಯ ಮೇಲೆ ಒಂದರ ಮೇಲೊಂದು ಬರುವ) ಕೋಟು ಬೇಡ, ಜೇಬು ಗುಂಡಿ ಎಣಿಸಿದಷ್ಟೇ, ಪ್ಯಾಂಟಿನ ಕೆಳಗೆ ಹೊರಮಡಿಕೆ ಬೇಡ. ಎರಡಿಂಚಿನ ಹೊರಮಡಿಕೆಗೆ ಕಾಲಿಗೆ ಸುಮಾರು ನಾಲ್ಕಿಂಚು ಬಟ್ಟೆ ಹೆಚ್ಚು ಬೇಕು. ಲಕ್ಷಗಟ್ಟಲೆ ಪ್ಯಾಂಟಿಗೆ ಲೆಕ್ಕ ಹಾಕಿ. ಯುಟಿಲಿಟಿ ಮಾಲಿಗೆ ಖರೀದಿ ತೆರಿಗೆಯನ್ನೂ ತೆಗೆದರು. ಎಡವಿದ್ದೂ ಇದೆ: ಹೊರಮಡಿಕೆ ಬಿಡಲೊಲ್ಲದವರು ಉದ್ದದ ಪ್ಯಾಂಟ್ ಕೊಂಡು ಮನೆಯಲ್ಲೇ ಮಡಚಿ ಹೊಲಿದುಕೊಂಡರು. 1944ರಲ್ಲಿ ಗಂಡಸರ ಸೂಟಿನ ನಿರ್ಬಂಧ ಸಡಿಲಿಸಬೇಕಾಯಿತು.

'ಕೈಯಲ್ಲಿ ದುಡ್ಡು ಹೆಚ್ಚು, ಸರಕು ಕಡಿಮೆ, ಅಸಲು ಇಳಿಸಿ ಏನು ಫಲ' ಅಂತ ಕೇಳೋರಿದ್ದಾರೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಕೂಡ 1940ರಲ್ಲಿ ಸಂಬಳದ ಒಂದು ಪಾಲನ್ನು ಕಡ್ಡಾಯವಾಗಿ ಉಳಿತಾಯಕ್ಕೆ ಹಿಡಿಯಿರಿ ಅಂದಿದ್ದರು. ಒಪ್ಪಿದೆ, ದುಡ್ಡನ್ನು ಹಿಡಿಯಲೇಬೇಕು. ಆದರೆ ಬ್ರಿಟನ್ನಿನ ಎಷ್ಟೋ ಉದ್ಯಮಗಳಲ್ಲಿ ಕೂಲಿ ಜೀವನವೆಚ್ಚದ ಸೂಚ್ಯಂಕಕ್ಕೆ ಕಟ್ಟಿತ್ತು, ಬಟ್ಟೆ ಆ ಸೂಚ್ಯಂಕದೊಳಗಿತ್ತು. ಅಂಗಿ ಏರಿದರೆ ಕೂಲಿ ಏರುತ್ತೆ, ಕೂಲಿ ಏರಿದರೆ ಕಲ್ಲಿದ್ದಲಿನಿಂದ ಗುಂಡಿನವರೆಗೆ ಎಲ್ಲದರ ಅಸಲೂ ಏರುತ್ತೆ. ಈ ಸುತ್ತನ್ನು ಬಡ್ಡಿದರ ಮುರಿಯುತ್ತಾ? ಮಗ್ಗದಲ್ಲೇ ಮುರಿಯಬೇಕು.

ಬೆಲೆಯ ಚೀಟಿ ಅಂಟಿಸೋದು ಸುಲಭ. ಅಸಲು ಕೆಳಗೆ ಬರದೆ ಬೆಲೆಗೆ ಮುಚ್ಚಳ ಹಾಕಿದರೆ ತಯಾರಕ ಇಂಚಿಗೆ ನಾಲ್ಕು ಎಳೆ ಕಡಿಮೆ ಮಾಡ್ತಾನೆ, ಇಲ್ಲವೇ ಮಾಲನ್ನು ಹಿಂಬಾಗಿಲಿಂದ ಮಾರ್ತಾನೆ. ನಮ್ಮಲ್ಲಿ ಮಿಲ್ ಬಟ್ಟೆಯ ಮೇಲೆ ಬೆಲೆ ಅಚ್ಚೊತ್ತುವ ನಿಯಂತ್ರಣ ಆದೇಶ ಬಂದದ್ದು 1943ರಲ್ಲಿ, ಬೆಲೆ ಹಲವು ಪಟ್ಟು ಏರಿದ ಮೇಲೆ. ಹಿರಿಯರ ಬಾಯಲ್ಲಿ 'ಕಂಟ್ರೋಲ್ ಬಟ್ಟೆ' ಅನ್ನೋ ಮಾತು ಉಳಿದದ್ದು ಆ ಕಾಲದ್ದೇ.