ಕಿಲುಬು ಕಲೆ ಮತ್ತು ಹುಣಸೆಹಣ್ಣು

ಸ್ಟೀಮ್‌ಪಂಕ್ ಕ್ಯಾನ್ವಾಸ್ ಮಾಡಬೇಕೆಂದವರಿಗೆ ಬಣ್ಣ, ಬ್ರಷ್ಷು, ಗೋಂದಿಗಿಂತ ಮೊದಲು ಬೇಕಾದದ್ದು ಹಿತ್ತಾಳೆ ಬೆಳಗುವ ಅಭ್ಯಾಸವಿಲ್ಲದ ಮನೆ. ನಮ್ಮದು ಅಂಥ ಮನೆಯಲ್ಲ. ನಮ್ಮಲ್ಲಿ ಶುಕ್ರವಾರ ಬಂತೆಂದರೆ ದೇವರ ದೀಪದಿಂದ ಹಿಡಿದು ಬಾಗಿಲ ಚಿಲಕದವರೆಗೆ ಯಾವ ಹಿತ್ತಾಳೆಗೂ ಅತ್ತೆಯವರ ಹುಣಸೆಹಣ್ಣಿನಿಂದ ಬಿಡುಗಡೆ ಇಲ್ಲ.

ಸ್ಟೀಮ್‌ಪಂಕ್‌ನವರ ಕಲ್ಪನೆಯೇನೋ ಸೊಗಸಾಗಿದೆ. ವಿಕ್ಟೋರಿಯಾ ರಾಣಿಯ ಕಾಲದ ಉಗಿಯಂತ್ರಗಳೇ ಬೆಳೆಯುತ್ತಾ ಹೋಗಿ, ಪೆಟ್ರೋಲು ಮತ್ತು ಕರೆಂಟು ತಲೆಯೆತ್ತದೇ ಇದ್ದಿದ್ದರೆ ಲೋಕ ಹೇಗಿರುತ್ತಿತ್ತು? ಹಿತ್ತಾಳೆಯ ವಿಮಾನ, ಚರ್ಮದ ಪಟ್ಟಿಯ ದಪ್ಪ ಕನ್ನಡಕ, ಕಲ್ಲಿದ್ದಲು ತಿಂದು ಹೊಗೆ ಬಿಡುವ ಕಂಪ್ಯೂಟರು. ಕಂಪ್ಯೂಟರಿನ ಮಾತು ಪೂರ್ತಿ ತಮಾಷೆಯಲ್ಲ. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1837ರ ಹೊತ್ತಿಗೇ ಹಲ್ಲುಚಕ್ರಗಳಿಂದ ಲೆಕ್ಕ ಮಾಡುವ ಯಂತ್ರವೊಂದರ ವಿನ್ಯಾಸ ಬರೆದಿದ್ದ. 1871ರಲ್ಲಿ ಸಾಯುವವರೆಗೂ ಅದನ್ನು ತಿದ್ದುತ್ತಲೇ ಇದ್ದನೇ ಹೊರತು ಪೂರ್ತಿ ಕಟ್ಟಲಾಗಲಿಲ್ಲ. ಈ ಬಗೆಯ ಕಥೆಗಳಿಗೆ ಸ್ಟೀಮ್‌ಪಂಕ್ ಎಂಬ ಹೆಸರನ್ನು 1987ರಲ್ಲಿ ಅಮೆರಿಕದ ಲೇಖಕ ಕೆ.ಡಬ್ಲ್ಯೂ. ಜೀಟರ್ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಅರ್ಧ ನಗೆಯಾಡುತ್ತಲೇ ಇಟ್ಟರು. ಕಥೆಗಾರರು ಬರೆದು ಸುಮ್ಮನಾದರು. ಗೋಂದು ಕೈಗೆತ್ತಿಕೊಂಡವರು ನನ್ನಂಥವರು.

ಕೆಲಸ ಹೀಗೆ: ಕ್ಯಾನ್ವಾಸಿನ ಮೇಲೆ ಗಡಿಯಾರದ ಚಕ್ರ, ಸ್ಕ್ರೂ, ಬೀಗದ ಕೈ, ಸರಪಳಿ ತುಂಡು ಇವನ್ನೆಲ್ಲ ಜೆಲ್ ಮೀಡಿಯಂ ಹಾಕಿ ಅಂಟಿಸಬೇಕು. ಅದರ ಮೇಲೆ ಗೆಸ್ಸೊ ಎಂಬ ಕಪ್ಪು ಅಡಿಬಣ್ಣ ಬಳಿದರೆ ಪ್ಲಾಸ್ಟಿಕ್ಕು, ಕಬ್ಬಿಣ, ರಟ್ಟು ಎಲ್ಲ ಒಂದೇ ಕುಲ. ಒಣಗಿದ ಮೇಲೆ ಉಬ್ಬಿದ ಅಂಚುಗಳಿಗಷ್ಟೇ ತಾಮ್ರದ ಬಣ್ಣದ ಮೇಣವನ್ನು ಬೆರಳಲ್ಲಿ ಸವರಿದರೆ ನೂರು ವರ್ಷ ಹಳೆಯ ಯಂತ್ರ ಸಿದ್ಧ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡ ಹಿತ್ತಾಳೆ ಚಕ್ರಗಳಿಗೆ ಮಾತ್ರ ಗೆಸ್ಸೊ ತಾಗಿಸದೆ ನಿಜವಾದ ಕಿಲುಬು ಹಿಡಿಸಬೇಕೆಂದುಕೊಂಡೆ.

ಚಕ್ರ ಸಿಕ್ಕಿದ್ದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ. ಅಂಗಡಿಯವನು ನೆಲದ ಮೇಲೆ ಹರಡಿದ್ದ ಟಾರ್ಪಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆರಿಸುತ್ತಿದ್ದೆ.

“ಯಾವ ಮಷೀನಿಗೆ ಮೇಡಂ?”

“ಮಷೀನಿಗಲ್ಲ. ಗೋಡೆಗೆ.”

ಅವನು ನನ್ನನ್ನೂ ಚಕ್ರವನ್ನೂ ನೋಡಿ ರೇಟು ಏರಿಸಿದ. ಮಷೀನಿಗೆ ಅಂದಿದ್ದರೆ ಚೌಕಾಸಿಗೆ ದಾರಿಯಿತ್ತು. ಕೆಲಸಕ್ಕೆ ಬಾರದ ವಸ್ತುವನ್ನು ಕೆಲಸಕ್ಕೆ ಬಾರದ ಉದ್ದೇಶಕ್ಕೆ ಕೊಳ್ಳುವವರು ದುಡ್ಡಿದ್ದವರೇ ಆಗಿರಬೇಕು ಎಂಬುದು ಅವನ ಲೆಕ್ಕ.

ಕಿಲುಬು ಬರಿಸುವುದು ಸುಲಭ. ಡಬ್ಬಿಯೊಳಗೆ ವಿನಿಗರ್ ಮತ್ತು ಉಪ್ಪಿನಲ್ಲಿ ನೆನೆಸಿದ ಕಾಗದ ಹಾಸಿ, ಅದರಲ್ಲಿ ಹಿತ್ತಾಳೆ ಸುತ್ತಿಟ್ಟು ಮುಚ್ಚಳ ಹಾಕಿದರೆ ಒಂದೆರಡು ದಿನದಲ್ಲಿ ನವಿಲಿನ ಕತ್ತಿನ ಹಸಿರು-ನೀಲಿ ತಾನಾಗಿ ಮೂಡುತ್ತದೆ. ಮೂಡಿತ್ತು ಕೂಡ. ಆದರೆ ಡಬ್ಬಿಯ ಮುಚ್ಚಳ ತೆಗೆದವರು ಅತ್ತೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಬಾರದು, ಕಿಲುಬೆಂದರೆ ವಿಷ ಎಂದು ಬಾಲ್ಯದಿಂದ ಕಲಿತ ಜೀವ ಅದು. ನಾನು ಆಫೀಸಿನಿಂದ ಬರುವ ಹೊತ್ತಿಗೆ ಚಕ್ರಗಳು ಆರತಿ ತಟ್ಟೆಯ ಪಕ್ಕದಲ್ಲಿ ಬಂಗಾರದ ಹಾಗೆ ಹೊಳೆಯುತ್ತಿದ್ದವು.

“ಹಾಗೇ ಬಿಟ್ಟಿದ್ದರೆ ತೂತು ಬೀಳ್ತಿತ್ತು ಕಣೇ. ಎಷ್ಟು ಉಜ್ಜಬೇಕಾಯ್ತು ಗೊತ್ತಾ!”

ಇದರಲ್ಲಿ ರಸಾಯನಶಾಸ್ತ್ರದ ಕುಹಕವೂ ಇದೆ. ವಿನಿಗರೂ ಹುಳಿ, ಹುಣಸೆಹಣ್ಣೂ ಹುಳಿ. ಒಂದು ಗಾಳಿಯ ಜೊತೆ ಸೇರಿ ನಿಧಾನಕ್ಕೆ ಹಸಿರು ಹುಟ್ಟಿಸುತ್ತದೆ, ಇನ್ನೊಂದು ಉಜ್ಜಿ ತೊಳೆದರೆ ಅದನ್ನೇ ಕರಗಿಸಿ ಕರೆದೊಯ್ಯುತ್ತದೆ. ಎರಡನೆಯ ಸಲ ಡಬ್ಬಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ.

ಅಂಟಿಸುವ ದಿನ ಮಳೆ. ಜೆಲ್ ಮೀಡಿಯಂಗೆ ನಮ್ಮ ಆಷಾಢದ ಥಂಡಿ ಹಿಡಿಸುವುದಿಲ್ಲ, ಒಣಗಲು ಗಂಟೆಗಳನ್ನಲ್ಲ, ದಿನಗಳನ್ನು ಕೇಳುತ್ತದೆ. ಅಲ್ಲಿಯವರೆಗೆ ಕ್ಯಾನ್ವಾಸ್ ಅಂಗಾತ ಮಲಗಿರಬೇಕು. ಮನೆಗೆಲಸಕ್ಕೆ ಬರುವಾಕೆ ನೆಲ ಒರೆಸಲೆಂದು ಅದನ್ನೆತ್ತಿ ಗೋಡೆಗೆ ಒರಗಿಸಿದಳು. ಬೆಳಗಿನ ತಿಂಡಿ ಮುಗಿಯುವುದರೊಳಗೆ ನನ್ನ ಔದ್ಯೋಗಿಕ ಕ್ರಾಂತಿಯೆಲ್ಲ ಜಾರಿ ಕೆಳಗಿನ ಅಂಚಿನಲ್ಲಿ ಗುಂಪುಗೂಡಿತ್ತು.

“ಹಿಂಗೇ ಚೆನ್ನಾಗೈತಲ್ಲಕ್ಕ,” ಅಂದಳು. “ಮ್ಯಾಲೆ ಜಾಗ ಆಯ್ತು, ಕ್ಯಾಲೆಂಡರ್ ಹಾಕ್ಕಬೋದು.”

ಮತ್ತೆ ಜೋಡಿಸಿದೆ. ಈ ಸಲ ನಟ್ಟನಡುವೆ ಮೂರು ದೊಡ್ಡ ಚಕ್ರ, ತ್ರಿಕೋನದಲ್ಲಿ, ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಕೊಂಡ ಹಾಗೆ. ಕಣ್ಣಿಗೆ ಹಬ್ಬ. ಎದುರುಮನೆ ಅಂಕಲ್ ನೋಡುವವರೆಗೆ ಹಬ್ಬ. ಅವರು ಎಚ್.ಎಂ.ಟಿ. ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಲ್ಲಿ ಶುರುವಾಗಿ, ಇಡೀ ದೇಶದ ಮದುಮಕ್ಕಳ ಕೈಗೆ ಗಡಿಯಾರ ಕಟ್ಟಿದ ಕಾರ್ಖಾನೆ ಅದು. ಅಂಕಲ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

“ಇದು ತಿರುಗಲ್ಲಮ್ಮ.”

“ತಿರುಗೋದು ಬೇಡ ಅಂಕಲ್, ಅಲಂಕಾರಕ್ಕೆ.”

“ಅಲ್ಲ, ಕೇಳು. ಮೊದಲನೇದು ಬಲಕ್ಕೆ ತಿರುಗಿದ್ರೆ ಎರಡನೇದು ಎಡಕ್ಕೆ. ಆಗ ಮೂರನೇದು ಬಲಕ್ಕೆ. ಆದ್ರೆ ಅದು ಮೊದಲನೇದಕ್ಕೂ ಕಚ್ಚಿದೆ, ಅದೂ ಬಲಕ್ಕೇ! ಎರಡೂ ಒಂದೇ ಕಡೆ ಹೆಂಗೆ ತಿರುಗ್ತವೆ? ಜಾಮ್.”

ನಿಜವೇ. ವೃತ್ತದಲ್ಲಿ ಕಚ್ಚಿಕೊಂಡ ಚಕ್ರಗಳು ಬೆಸಸಂಖ್ಯೆಯಲ್ಲಿದ್ದರೆ ಒಂದೂ ಅಲುಗಾಡುವುದಿಲ್ಲ. ಸ್ಟೀಮ್‌ಪಂಕ್ ಹೆಸರಲ್ಲಿ ಮಾರಾಟವಾಗುವ ಅರ್ಧಕ್ಕರ್ಧ ಚಿತ್ರ, ಟೋಪಿ, ಓಲೆಗಳಲ್ಲಿ ಇದೇ ಕಥೆ ಇದ್ದೀತು ಎಂಬುದು ನನ್ನ ಗುಮಾನಿ. ಅಲ್ಲಿಯವರಿಗೆ ಎದುರುಮನೆಯಲ್ಲಿ ಇಂಥ ಅಂಕಲ್ ಇಲ್ಲ, ಅಷ್ಟೆ. ನಮ್ಮ ಅಂಕಲ್ ಸಂಜೆಗೆ ಚಿಮಟ, ಭೂತಗನ್ನಡಿ ಮತ್ತು ತಮ್ಮ ಡಬ್ಬಿಯಿಂದ ನಾಲ್ಕನೆಯ ಚಕ್ರ ಹಿಡಿದು ಬಂದು, ಕಾಫಿ ಕುಡಿಯುತ್ತಾ ಸರಿಪಡಿಸಿ ಹೋದರು. ಗೋಂದಿನಲ್ಲಿ ಕಲ್ಲಿನಂತೆ ಕೂತಿರುವ ನಾಲ್ಕೂ ಚಕ್ರಗಳು ಈಗ ತಾತ್ವಿಕವಾಗಿ ತಿರುಗುತ್ತವೆ.

ತುಕ್ಕಿಗೆ ಚಕ್ಕೆಪುಡಿ. ಕಂದು ಬಣ್ಣಕ್ಕೆ ಬೆರೆಸಿ ತಟ್ಟಿದರೆ ಥೇಟ್ ತುಕ್ಕಿನ ತರಿ ಬರುತ್ತದೆ, ಬಲ್ಲವರೆಲ್ಲ ಮಾಡುವ ಉಪಾಯವಿದು. ಮೂರು ದಿನ ಮನೆ ತುಂಬ ಪಲಾವ್ ಘಮ. ಮಗ ಶಾಲೆಯಿಂದ ಬಂದವನೇ ತಟ್ಟೆ ಹಿಡಿದು ಕೂರುವುದು, ಬೀನ್ಸ್ ಹುಳಿ ಕಂಡು ಮುಖ ಊದಿಸುವುದು ನಡೆದೇ ಇತ್ತು.

ಕೊನೆಗೂ ಹಾಲಿನ ಗೋಡೆಗೇರಿತು. ಏರಿದ ವಾರವೇ ತಾರಸಿಯ ಟ್ಯಾಂಕಿನ ವಾಲ್ವಿನ ಹಿಡಿ ಮುರಿಯಿತು. ಪ್ಲಂಬರ್ ಮೇಲೆ ಕೆಳಗೆ ಓಡಾಡಿ, ಹಾಲಿನಲ್ಲಿ ನಿಂತು, ಗೋಡೆ ನೋಡಿ ಅರಳಿದ.

“ಇಲ್ಲೇ ಐತಲ್ಲ ಸಾರ್, ಇದೇ ಸೈಜು!”

ನಮ್ಮವರು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಎಡ ಮೂಲೆಯಿಂದ ಕಿತ್ತ ಆ ವಾಲ್ವ್ ಚಕ್ರ ಇವತ್ತಿಗೂ ತಾರಸಿಯಲ್ಲಿ ನಿಷ್ಠೆಯಿಂದ ನೀರು ಬಿಡುತ್ತಿದೆ. ಅದರ ಜಾಗದಲ್ಲಿ ಉಳಿದ ಗುಂಡನೆಯ ಬೋಳು ಕಲೆಯನ್ನು ‘ಗೈರುಹಾಜರಿ’ ಎಂದು ಕರೆದು ಕಲಾತ್ಮಕವಾಗಿಸುವ ಯೋಚನೆ ನನಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಕ್ಸಿ, ಸ್ಕೂಟರು, ಮಗನ ಕಂಪಾಸ್ ಬಾಕ್ಸು ಎಲ್ಲಕ್ಕೂ ಕುಂಕುಮವಿಟ್ಟ ಅತ್ತೆ ಕ್ಯಾನ್ವಾಸಿನ ಮುಂದೆ ನಿಂತರು. ಹಲ್ಲಿದೆ, ಚಕ್ರವಿದೆ, ಅಂಕಲ್ ಬೇರೆ ತಿರುಗುತ್ತದೆ ಎಂದು ಸರ್ಟಿಫಿಕೇಟು ಕೊಟ್ಟಿದ್ದಾರೆ. ಬೋಳು ಕಲೆಯ ಮೇಲೇ, ಎಣ್ಣೆಯಲ್ಲಿ ಕಲಸಿದ ಕುಂಕುಮದ ದೊಡ್ಡ ಬೊಟ್ಟು ಬಿತ್ತು.

ಚಿತ್ರಕಲೆ ಓದಿದ ಗೆಳತಿಯೊಬ್ಬಳು ದಸರಾ ಗೊಂಬೆ ನೋಡಲು ಬಂದವಳು ಕ್ಯಾನ್ವಾಸಿನ ಮುಂದೆ ತಲೆ ಓರೆ ಮಾಡಿ ಬಹಳ ಹೊತ್ತು ನಿಂತಳು. ಕಿಲುಬಿನ ಬಗ್ಗೆ ಮಾತಿಲ್ಲ, ಚಕ್ರಗಳ ಬಗ್ಗೆಯೂ ಇಲ್ಲ.

“ಆ ಮೂಲೆಯ ಕೆಂಪಿದೆಯಲ್ಲ, ಇಡೀ ಕೆಲಸವನ್ನ ಅದೇ ಎತ್ತಿ ಹಿಡಿದಿದೆ. ಯಾವ ಕಂಪನಿ ಬಣ್ಣ?”

ಅಡುಗೆಮನೆಯಿಂದ ಅತ್ತೆ ಕೂಗಿ ಹೇಳಿದರು: “ಗ್ರಂಥಿಗೆ ಅಂಗಡೀದಮ್ಮ. ಪೊಟ್ಟಣಕ್ಕೆ ಹತ್ತು ರೂಪಾಯಿ. ನಿನಗೂ ಒಂದು ತರಿಸಲಾ?”