ಬಿದ್ದ ಹನಿ ಎದ್ದು ನಿಲ್ಲುವ ಹೊತ್ತು

ಕೋಲಾರದ ಕಡೆಯವರಿಗೆ ನೀರನ್ನು ಹನಿ ಲೆಕ್ಕದಲ್ಲಿ ಅಳೆಯುವುದು ಹೊಸ ವಿದ್ಯೆಯೇನಲ್ಲ. ಟೊಮೆಟೊ ತೋಟಕ್ಕೆ ಡ್ರಿಪ್ ಪೈಪು ಎಳೆದವರಿಗೆ ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಯಾವುದು, 4 ಲೀಟರಿನದು ಯಾವುದು ಎಂದು ನೋಡಿದರೇ ಗೊತ್ತಾಗುತ್ತದೆ. ಬಿದ್ದ ಹನಿ ಆಮೇಲೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ, "ಏನಾಗ್ತದೆ, ಇಂಗೋಗ್ತದೆ" ಎಂದು ಮುಖ ನೋಡುತ್ತಾರೆ. ಮಣ್ಣಿಗೆ ಬಿದ್ದರೆ ಸರಿ. ನೀರಿನ ಮೇಲೆ ಬಿದ್ದ ಹನಿ ಅಷ್ಟು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಮೊದಲು ಗುಂಡಿ ತೋಡುತ್ತದೆ; ಗುಂಡಿ ಮುಚ್ಚಿಕೊಳ್ಳುವ ರಭಸಕ್ಕೆ ನಟ್ಟನಡುವಿನಿಂದ ನೀರಿನ ಕಂಬವೊಂದು ಏಳುತ್ತದೆ; ಅದರ ತುದಿಯಿಂದ ಒಂದು ಗುಂಡು ಬಿಡಿಸಿಕೊಂಡು ಮತ್ತೆ ಬೀಳುತ್ತದೆ. ಇಷ್ಟೆಲ್ಲ ನಡೆದರೂ ನಮ್ಮ ಪಾಲಿಗೆ ಸಿಗುವುದು ಒಂದು 'ಟಪ್' ಸದ್ದು.

ಅದನ್ನು ಫೋಟೋದಲ್ಲಿ ಹಿಡಿಯಲು ಬೇಕಾದ ಸಾಮಾನು ಮೆಡಿಕಲ್ ಶಾಪಿನಲ್ಲೂ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ ಒಂದು, ಹೊಸದು. ಅರ್ಧ ಲೀಟರಿನ ಬಾಟಲಿಯ ಮುಚ್ಚಳಕ್ಕೆ ಅದನ್ನು ಚುಚ್ಚಿ, ಬಾಟಲಿಯನ್ನು ತಲೆಕೆಳಗಾಗಿ ಕಟ್ಟಿ, ಮೇಲಾದ ತಳಕ್ಕೆ ಗಾಳಿಯಾಡಲು ಒಂದು ತೂತು ಮಾಡಬೇಕು. ಸೆಟ್ಟಿನ ಮೇಲೆ 20 ಹನಿಗೆ 1 ಎಂಎಲ್ ಎಂದು ಬರೆದಿರುವುದು ಮೇಲಿನ ಚೇಂಬರಿನೊಳಗೆ ಬೀಳುವ ಹನಿಯ ಲೆಕ್ಕ. ಕೆಳಗೆ ಬೀಳುವ ಹನಿಯ ಗಾತ್ರ ಕೊಳವೆಯ ತುದಿ ಎಷ್ಟು ಅಗಲವಿದೆ ಎಂಬುದರ ಮೇಲೆ ಹೋಗುತ್ತದೆ. ಸೂಜಿ ತೆಗೆದರೆ ಸುಮಾರು 4-5 ಮಿಲಿಮೀಟರಿನ ದಪ್ಪ ಹನಿ, ಕೆಲಸಕ್ಕೆ ಅದೇ ಒಳ್ಳೆಯದು. ಆ ತುದಿ ಅಲುಗಾಡದಂತೆ ಕೋಲಿಗೆ ಕಟ್ಟಿ, ನೀರಿನ ಮಟ್ಟದಿಂದ 45 ಸೆಂಟಿಮೀಟರ್ ಮೇಲಿಡಿ. ಫ್ಯಾನು ಆರಿಸಿ. ಬಾಟಲಿ ಖಾಲಿಯಾಗುತ್ತ ಬಂದಂತೆ ಹನಿ ನಿಧಾನವಾಗುತ್ತದೆ. ಸಾಲಿನ ಕೊನೆಯ ಗಿಡಕ್ಕೆ ಪ್ರೆಷರ್ ಸಾಲದೆ ಪರದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಳಗಿಡುವ ಪಾತ್ರೆ ಅಗಲವಾಗಿರಬೇಕು, 3 ಸೆಂಟಿಮೀಟರಾದರೂ ಆಳವಿರಬೇಕು. ಆಳ ಕಡಿಮೆಯಾದರೆ ಕಂಬ ಸರಿಯಾಗಿ ಏಳುವುದಿಲ್ಲ. ಸ್ಟೀಲಿನದಾದರೆ ತಳದಿಂದ ಬೆಳಕು ಚುಚ್ಚುತ್ತದೆ. ಅದಕ್ಕೆ ಮದ್ದು ಟೊಮೆಟೊ ಸಾಲಿಗೆ ಹಾಸುವ ಮಲ್ಚಿಂಗ್ ಶೀಟಿನ ತುಂಡು, ಕಪ್ಪು ಬದಿ ಮೇಲೆ. ಪಾತ್ರೆಯ ಕೆಳಗೆ ಕಾಗದ ಮಡಿಸಿಟ್ಟು ಮಟ್ಟ ಮಾಡಿ, ಅಂಚಿನವರೆಗೂ ನೀರು ತುಂಬಿದರೆ ಮುಂದಿನ ಅಂಚು ಚಿತ್ರದಲ್ಲಿ ತಲೆ ಹಾಕುವುದಿಲ್ಲ. ನಲ್ಲಿಯಿಂದ ಆಗಷ್ಟೇ ಹಿಡಿದ ನೀರಲ್ಲಿ ಸಣ್ಣ ಗುಳ್ಳೆಗಳು ಕೂತಿರುತ್ತವೆ, ಅರ್ಧ ಗಂಟೆ ಬಿಡಬೇಕು. ಬೋರ್‌ವೆಲ್ ನೀರಾದರೂ ಚಿತ್ರಕ್ಕೆ ಅಡ್ಡಿಯಿಲ್ಲ, ಆದರೆ ಲೆನ್ಸಿನ ಮೇಲೆ ಸಿಡಿದು ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಕ್ಯಾನಿನ ನೀರೇ ಮೇಲು.

ಇನ್ನು ಬೆಳಕಿನ ಮಾತು. ಹೆಚ್ಚಿನವರು ಸೋಲುವುದು ಇಲ್ಲೇ. 45 ಸೆಂಟಿಮೀಟರ್ ಇಳಿದ ಹನಿ ನೀರು ಮುಟ್ಟುವಾಗ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿರುತ್ತದೆ. ಕ್ಯಾಮೆರಾದ ಶಟರ್ 1/200 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲೇ ಹನಿ 15 ಮಿಲಿಮೀಟರ್, ಎಂದರೆ ತನ್ನ ಮೂರರಷ್ಟು ಉದ್ದ ಓಡಿರುತ್ತದೆ. ಚಿತ್ರದಲ್ಲಿ ಉಳಿಯುವುದು ಒಂದು ಬಿಳಿ ಗೀರು. ಹನಿಯನ್ನು ನಿಲ್ಲಿಸುವವನು ಫ್ಲ್ಯಾಶ್. ಅದನ್ನು ಮ್ಯಾನ್ಯುಯಲ್‌ಗೆ ಹಾಕಿ ಶಕ್ತಿಯನ್ನು 1/32 ಅಥವಾ 1/64ಕ್ಕೆ ಇಳಿಸಬೇಕು. ಕತ್ತಲಲ್ಲಿ ಕೂತು ಫ್ಲ್ಯಾಶನ್ನೇ ಇಳಿಸುವುದೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಫ್ಲ್ಯಾಶ್ ಬೆಳಕನ್ನು ಮಂದ ಮಾಡುವುದಿಲ್ಲ, ಬೇಗ ಕತ್ತರಿಸುತ್ತದೆ. ಪೂರ್ತಿ ಶಕ್ತಿಯಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಹೆಚ್ಚು ಹೊತ್ತು ಉರಿಯಬಹುದಾದದ್ದು, ಇಳಿಸಿದಾಗ ಹತ್ತು ಇಪ್ಪತ್ತು ಸಾವಿರದ ಒಂದು ಭಾಗದಲ್ಲೇ ಮುಗಿಯುತ್ತದೆ. ಅಷ್ಟರಲ್ಲಿ ಹನಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಸರಿಯುವುದಿಲ್ಲ, ಸರಿದದ್ದೂ ಅಷ್ಟಾಗಿ ಕಾಣದು. ಐಎಸ್‌ಒ, ಎಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಳತೆ, 200-400; ಅಪರ್ಚರ್, ಎಂದರೆ ಲೆನ್ಸಿನ ಕಂಡಿ, ಎಫ್/11; ಕೋಣೆ ಕತ್ತಲು. ಕರೆಂಟು ಹೋಗುವ ಹೊತ್ತನ್ನು ಯಾರಾದರೂ ಹರಸುವುದಿದ್ದರೆ ಈ ಹವ್ಯಾಸದವರೇ.

ಫ್ಲ್ಯಾಶನ್ನು ಹನಿಯ ಮುಖಕ್ಕೆ ಹಿಡಿಯಬಾರದು. ಪಾತ್ರೆಯ ಹಿಂದೆ ಒಂದು ಬಟರ್ ಪೇಪರ್ ನಿಲ್ಲಿಸಿ ಅದರ ಹಿಂದಿನಿಂದ ಹೊಡೆದರೆ ನೀರಿನ ಅಂಚುಗಳು ಗೆರೆ ಎಳೆದಂತೆ ಬರುತ್ತವೆ. ಬಣ್ಣ ಬೇಕಿದ್ದರೆ ನೀರಿಗೆ ಬೆರೆಸುವ ಬದಲು ಫ್ಲ್ಯಾಶಿನ ಮುಂದೆ ಬಣ್ಣದ ಪಾರದರ್ಶಕ ಹಾಳೆ ಅಂಟಿಸಿದರಾಯಿತು. ಫೋಕಸ್‌ಗೆ ಒಂದು ಉಪಾಯ: ಪಾತ್ರೆಗೆ ಅಡ್ಡಲಾಗಿ ಸೈಕಲ್ ಕಡ್ಡಿ ಇಟ್ಟು, ಹನಿ ಅದರ ಮೇಲೇ ಬೀಳುವಂತೆ ಸರಿಸಿ, ಕಡ್ಡಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿ, ಕಡ್ಡಿ ತೆಗೆಯುವುದು. ಆಮೇಲೆ ಕ್ಯಾಮೆರಾವನ್ನು ಮುಟ್ಟಲೇಬಾರದು. ಟ್ರೈಪಾಡ್ ಇಲ್ಲದವರಿಗೆ ಎರಡು ಕಿಲೋ ರಾಗಿ ತುಂಬಿದ ಬಟ್ಟೆ ಚೀಲ ಸಾಕು, ಕೂರಿಸಿದ ಹಾಗೆ ಕೂರುತ್ತದೆ.

ಕಿರೀಟದಂಥ ಆಕಾರ ಬೇಕೆಂದರೆ ಲೆಕ್ಕ ತಿರುಗುಮುರುಗು. ಆಳ ಬೇಡ, ತಟ್ಟೆಯ ಮೇಲೆ ಹಾಲಿನ ತೆಳು ಪದರ ಸಾಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಪ್ರಸಿದ್ಧ ಚಿತ್ರವೂ ಹಾಲಿನ ಹನಿಯದೇ. ಕೊಡೆಯ ಆಕಾರ ಬರುವುದು ಮೊದಲ ಹನಿಯ ಕಂಬ ಎದ್ದಿರುವಾಗಲೇ ಎರಡನೆಯದು ಅದರ ನೆತ್ತಿಗೆ ಬಡಿದರೆ. ಡ್ರಿಪ್ ಸೆಟ್ಟಿನ ಚಕ್ರ ತಿರುಗಿಸಿ ಸೆಕೆಂಡಿಗೆ ಎಂಟು ಹತ್ತು ಹನಿ ಬೀಳುವಂತೆ ಮಾಡಿ ಕ್ಲಿಕ್ಕಿಸುತ್ತ ಹೋಗಬೇಕು. ನೂರಕ್ಕೆ ಒಂದೆರಡು ಸಿಕ್ಕರೆ ಪುಣ್ಯ.

ಮೊಬೈಲಿನವರು ಫೋನಿನ ಫ್ಲ್ಯಾಶ್ ನಂಬಿ ಕೆಡಬಾರದು. ಅದು ಎಲ್‌ಇಡಿ, ಟಾರ್ಚಿನಂತೆ ಉರಿಯುತ್ತಲೇ ಇರುತ್ತದೆ, ಹನಿಯನ್ನು ನಿಲ್ಲಿಸದು. ಅಂಗಳದ ನೇರ ಬಿಸಿಲಿಗೆ ಹೋಗಿ, ಕ್ಯಾಮೆರಾದ ಸೆಟ್ಟಿಂಗನ್ನು ನಾವೇ ಬದಲಿಸಬಹುದಾದ ಪ್ರೋ ಮೋಡ್‌ನಲ್ಲಿ ಶಟರ್ 1/4000 ಸೆಕೆಂಡಿಗಿಟ್ಟು, ಹನಿಯ ಎತ್ತರವನ್ನು 15 ಸೆಂಟಿಮೀಟರಿಗೆ ಇಳಿಸಿದರೆ ತಕ್ಕಮಟ್ಟಿಗೆ ಬರುತ್ತದೆ. ಕಂಬ ತುದಿ ಮುಟ್ಟಿ ಇಳಿಯುವ ಮುನ್ನ ಒಂದು ಗಳಿಗೆ ನಿಲ್ಲುತ್ತದಲ್ಲ, ಅದನ್ನು ಕಾಯುವುದು ಜಾಣತನ.

ಓಡುವ ಹನಿಯ ಗೊಡವೆಯೇ ಬೇಡ ಎನ್ನುವವರಿಗೆ ಕೂತ ಹನಿಗಳಿವೆ. ಕೆಸುವಿನ ಎಲೆಯ ಮೇಲೆ ನೀರು ಚಿಮುಕಿಸಿದರೆ ಗುಂಡಗೆ ಕೂರುತ್ತದೆ. ಎಲೆಗೆ ಸೋಪಿನ ಕೈ ತಾಗಿದ್ದರೆ ಚಪ್ಪಟೆಯಾಗಿ ಹರಡುತ್ತದೆ. ಬೆಳಗ್ಗೆ ರಾಗಿ ಹೊಲದಲ್ಲಿ ಗರಿಯ ತುದಿಗೆ ಸಾಲಾಗಿ ನಿಂತ ಹನಿ ಎಷ್ಟೋ ಸಲ ಇಬ್ಬನಿಯಲ್ಲ, ಬೇರು ಎಳೆದ ನೀರನ್ನು ಪೈರೇ ಹೊರಹಾಕಿದ್ದು. ಬಿಸಿಲೇರುವ ಮುಂಚೆ ಮುಗಿಸಬೇಕು. ಮನೆಯಲ್ಲಾದರೆ ನೀರಿಗೆ ಸಮಪಾಲು ಗ್ಲಿಸರಿನ್ ಬೆರೆಸಿ ಸಿರಿಂಜಿನಿಂದ ಇಟ್ಟ ಹನಿ ಬೇಗ ಆರುವುದಿಲ್ಲ. ಹಿಂದೆ ಒಂದು ಗೇಣಿನೊಳಗೆ ಸೇವಂತಿಗೆ ಇಟ್ಟರೆ ಹನಿಯಲ್ಲಿ ಹೂವು ತಲೆಕೆಳಗಾಗಿ ಮೂಡುತ್ತದೆ. ಆ ಬಿಂಬ ನಿಂತಿರುವುದು ಹನಿಯ ಒಳಗಲ್ಲ, ಕ್ಯಾಮೆರಾದ ಕಡೆಗೆ ಸ್ವಲ್ಪ ಈಚೆ. ಹನಿಯ ಅಂಚಿಗೆ ಫೋಕಸ್ ಮಾಡಿದರೆ ಹೂವು ಮಬ್ಬು. ಮಿಲಿಮೀಟರ್ ಎರಡರಷ್ಟು ಫೋಕಸನ್ನು ಈಚೆಗೆ ತನ್ನಿ. ಹೂವು ನೆಟ್ಟಗೇ ಕಾಣಬೇಕೆಂಬ ಹಟವಿದ್ದರೆ, ತೊಟ್ಟಿಗೆ ದಾರ ಕಟ್ಟಿ ಅದನ್ನೇ ತಲೆಕೆಳಗಾಗಿ ನೇತುಹಾಕಿ.